ತಂದೆಯ ಮನೆಯಿಂದ ಬೇರೆಯಾಗುವಿಕೆ: ಬೆಳಗಾವಿ–ಖಾನಾಪುರ ಸೀಮೆಯನ್ನು ಕುರಿತು ಒಂದು ವಿಚಾರ

‘ಬೇರೆ ಆದರು’ ಎಂಬ ಮಾತಿಗೆ ಬೆಳಗಾವಿ ಸೀಮೆಯಲ್ಲಿ ಕನಿಷ್ಠಪಕ್ಷ ಮೂರು ಅರ್ಥಗಳುಂಟು. ಮಗನು ಹೆಂಡತಿ ಮಕ್ಕಳೊಡನೆ ತಂದೆಯ ಮನೆಯನ್ನು ಬಿಟ್ಟು ಬೇರೊಂದು ಮನೆಯಲ್ಲಿ ವಾಸಕ್ಕೆ ನಿಂತರೆ ಅವನು ಬೇರೆಯಾದನೆನ್ನುವರು. ಯಾರೂ ಮನೆ ಬಿಡದೆ, ಅದೇ ಸೂರಿನ ಕೆಳಗೆ ನಡುಗೋಡೆಯ ಆಚೆಗೊಂದು ಈಚೆಗೊಂದು ಒಲೆ ಹೂಡಿದರೂ ಅದೇ ಮಾತು. ಹೊಲ ಮನೆಗಳ ವಾಟ್ನಿಯಾಗಿ, ಅದರ ವರ್ದಿಯು ಸರಕಾರದ ದಫ್ತರದಲ್ಲಿ ನಮೂದಾದರೂ ಅದೇ ಮಾತು. ಯಾವ ಅರ್ಥದಲ್ಲಿ ಹೇಳಿದರೆಂಬುದು ಆಡುವವರಿಗೂ ಕೇಳುವವರಿಗೂ ಸಂದರ್ಭದಿಂದ ತಿಳಿಯುವುದರಿಂದ ಊರಿನ ವ್ಯವಹಾರದಲ್ಲಿ ಗೊಂದಲವಿಲ್ಲ. ಗೊಂದಲವು ಉಂಟಾದದ್ದು ಜನಗಣತಿಯ ಅಧಿಕಾರಿಗಳಲ್ಲಿ, ನ್ಯಾಯಾಲಯಗಳಲ್ಲಿ, ಮತ್ತು ನಮ್ಮಂಥ ಇತಿಹಾಸದ ಅಧ್ಯಾಪಕರಲ್ಲಿ.

ಅವಿಭಕ್ತ ಕುಟುಂಬವು ಹಿಂದೆ ಗಟ್ಟಿಯಾಗಿತ್ತು, ಇಂಗ್ಲಿಷ್ ವಿದ್ಯೆಯೂ ಪಟ್ಟಣದ ನೌಕರಿಯೂ ಬಂದ ಮೇಲೆ ಒಡೆಯಿತು ಎಂಬ ವಾಕ್ಯವನ್ನು ನಮ್ಮ ಪಠ್ಯಪುಸ್ತಕಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಈ ವಾಕ್ಯದಲ್ಲಿ ಮನೆಯಿಂದ ಹೋಗುವುದೂ ಮನೆಯನ್ನು ಒಡೆಯುವುದೂ ಒಂದೇ ಆಗಿಬಿಟ್ಟಿವೆ. ಬೆಳಗಾವಿ ಮತ್ತು ಖಾನಾಪುರಗಳ ಮಟ್ಟಿಗೆ ಇವೆರಡೂ ಬೇರೆ ಬೇರೆ ನಿರ್ಣಯಗಳಾಗಿದ್ದುವೆಂದೂ, ಅನೇಕ ವೇಳೆ ಹೊರಗೆ ಹೋದವನೇ ಮನೆಯನ್ನು ಕೂಡಿಟ್ಟವನೆಂದೂ, ಊರಿನಲ್ಲಿ ಉಳಿದವರೇ ಅದನ್ನು ಪಾಲು ಮಾಡಿಕೊಂಡವರೆಂದೂ ನಮಗೆ ತೋರುತ್ತದೆ. ಹೋಗುವ ಹಕ್ಕು ಯಾರಿಗೆ ಎಷ್ಟು ಇತ್ತು, ಕೈಯಲ್ಲಿ ಏನು ಹಿಡಿದು ಹೋಗಬಹುದಾಗಿತ್ತು, ಮರಳಿ ಬರಲು ಬಾಗಿಲು ತೆರೆದಿರುತ್ತಿತ್ತೇ ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ಈ ವಿಷಯವನ್ನು ನೋಡಬೇಕೆಂದು ನಮ್ಮ ಉದ್ದೇಶ.

ಈ ಹಕ್ಕಿನ ಇತಿಹಾಸವು ಕನ್ನಡ ನಾಡಿನಲ್ಲಿಯೇ ಮೊದಲಾಗುತ್ತದೆ. ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನವು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಹುಟ್ಟಿತು. ಇಂದಿನ ಖಾನಾಪುರ ತಾಲೂಕಿನ ಹಲಸಿಯು ಆ ಕಾಲಕ್ಕೆ ಗೋವೆಯ ಕದಂಬರ ಆಳಿಕೆಯ ಪಲಸಿಗೆ ನಾಡಿನ ಮುಖ್ಯ ಸ್ಥಳವಾಗಿತ್ತು. ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬರುವುದು ತಂದೆ ತೀರಿದಾಗಲ್ಲ, ತಾನು ಹುಟ್ಟಿದಾಗಲೇ ಎಂಬುದು ವಿಜ್ಞಾನೇಶ್ವರನ ಪ್ರಸಿದ್ಧ ಸಿದ್ಧಾಂತ. ಇಷ್ಟು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅವನು ಇನ್ನೂ ಮುಂದೆ ಹೋಗಿದ್ದಾನೆ. ತಾಯಿಗೆ ಇನ್ನೂ ಮಕ್ಕಳಾಗುವ ವಯಸ್ಸಿದ್ದರೂ, ತಂದೆಗೆ ಸಂಸಾರದ ಆಸೆ ಹಿಂಗದಿದ್ದರೂ, ತಂದೆಯು ಬೇಡವೆಂದರೂ, ಅಜ್ಜನಿಂದ ಬಂದ ಆಸ್ತಿಯು ಮಗನ ಇಚ್ಛೆಯಿಂದಲೇ ವಿಭಾಗವಾಗಬಲ್ಲದು ಎಂಬುದು ಅವನ ಮತ. ಮನುವು ಕೂಡಿ ಬಾಳುವುದನ್ನೂ ಬೇರೆಯಾಗುವುದನ್ನೂ ಎರಡನ್ನೂ ಒಪ್ಪಿ, ಬೇರೆಯಾದರೆ ಮನೆಮನೆಗೂ ದೇವಪಿತೃಕಾರ್ಯಗಳು ನಡೆದು ಧರ್ಮವು ಹೆಚ್ಚುವುದೆಂದು ಹೇಳಿರುವುದನ್ನು ಇದರೊಡನೆ ನೆನೆಯಬೇಕು. ಒಟ್ಟಿನಲ್ಲಿ, ಬೇರೆಯಾಗುವ ಮಗನು ಶಾಸ್ತ್ರದ ದೃಷ್ಟಿಯಲ್ಲಿ ದ್ರೋಹಿಯಲ್ಲ. ಅವನನ್ನು ದ್ರೋಹಿಯೆಂದು ಬಗೆಯುವ ವಾಡಿಕೆಯು ಶಾಸ್ತ್ರದಿಂದ ಬಂದದ್ದೆಂದು ತಿಳಿಯುವವರು ಶಾಸ್ತ್ರವನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ.

1818ರಲ್ಲಿ ಬೆಳಗಾವಿಯ ಕೋಟೆಯು ಇಂಗ್ಲಿಷರ ಕೈಸೇರಿ, 1836ರಲ್ಲಿ ಧಾರವಾಡದಿಂದ ಬೇರೆಯಾಗಿ ಬೆಳಗಾವಿಯೇ ಒಂದು ಜಿಲ್ಲೆಯಾಯಿತು. ಮುಂಬಯಿ ಇಲಾಖೆಯಲ್ಲಿ ಹಿಂದೂ ಕಾಯದೆಯ ಮಟ್ಟಿಗೆ ಎರಡು ಗ್ರಂಥಗಳ ಪ್ರಾಬಲ್ಯವಿತ್ತು. ಗುಜರಾತದಲ್ಲಿಯೂ ಮುಂಬಯಿ ದ್ವೀಪದಲ್ಲಿಯೂ ನೀಲಕಂಠನ ವ್ಯವಹಾರಮಯೂಖಕ್ಕೆ ಅಗ್ರಸ್ಥಾನ. ಮಹಾರಾಷ್ಟ್ರದಲ್ಲಿಯೂ ಅದಕ್ಕೆ ಸೇರಿಸಿ ನೋಡಲಾಗುತ್ತಿದ್ದ ಕನ್ನಡ ಜಿಲ್ಲೆಗಳಲ್ಲಿಯೂ ಮಿತಾಕ್ಷರಕ್ಕೆ ಅಗ್ರಸ್ಥಾನ. ಆದಕಾರಣ ಬೆಳಗಾವಿಯ ಮಗನಿಗೆ ವಿಜ್ಞಾನೇಶ್ವರನು ಕೊಟ್ಟ ಹಕ್ಕು ಪೂರ್ಣವಾಗಿ ದೊರೆಯಬೇಕಾಗಿತ್ತು. ಹಾಗಾಗಲಿಲ್ಲ.

ಮುಂಬಯಿ ಹೈಕೋರ್ಟಿನ ಪೂರ್ಣಪೀಠವು ಅಪಾಜಿ ನರಹರ ಕುಲಕರ್ಣಿ ಎಂಬವರ ದಾವೆಯಲ್ಲಿ ಕೊಟ್ಟ ತೀರ್ಪು 1892ರ ವರದಿಗಳಲ್ಲಿ ಅಚ್ಚಾಗಿದೆ. ತಂದೆಯು ತನ್ನ ತಂದೆಯೊಡನೆಯಾಗಲಿ, ಅಣ್ಣತಮ್ಮಂದಿರೊಡನೆಯಾಗಲಿ, ಬೇರೆ ದಾಯಾದಿಗಳೊಡನೆಯಾಗಲಿ ಕೂಡಿರುವಾಗ, ತಂದೆಯ ಸಮ್ಮತಿಯಿಲ್ಲದೆ ಮಗನು ವಿಭಾಗವನ್ನು ಕೇಳಲಾರನು ಎಂಬುದು ಅದರ ಸಾರಾಂಶ. ತಂದೆ ಮಗ ಇಬ್ಬರೇ ಇದ್ದಲ್ಲಿ ಈ ತಡೆ ಇಲ್ಲ. ಆದರೆ ದೊಡ್ಡ ಮನೆಗಳಲ್ಲಿ, ಎಂದರೆ ಬೇರೆಯಾಗುವ ಪ್ರಶ್ನೆ ನಿಜವಾಗಿ ಏಳುವ ಮನೆಗಳಲ್ಲಿ, ಮಗನ ಬಾಯಿ ತಂದೆಯ ಕೈಯಿಂದ ಮುಚ್ಚಿತು. ಪೀಠದಲ್ಲಿದ್ದ ಕಾಶಿನಾಥ ತ್ರ್ಯಂಬಕ ತೆಲಂಗರು ಇದಕ್ಕೆ ಒಪ್ಪದೆ ಭಿನ್ನಮತವನ್ನು ಬರೆದರು. ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದ ಈ ವಿದ್ವಾಂಸರು ಸಂಸ್ಕೃತವನ್ನು ಮೂಲದಲ್ಲಿ ಓದಬಲ್ಲವರಾಗಿದ್ದರು. ಮಿತಾಕ್ಷರದ ಮಾತಿಗೆ ಮಗನ ಪರವಾದ ಅರ್ಥವೇ ಸರಿಯೆಂದು ಅವರ ಅಭಿಪ್ರಾಯ. ನಮಗೂ ಅದೇ ಸರಿಯೆಂದು ತೋರುತ್ತದೆ. ಆದರೆ ಬಹುಮತವೇ ಕಾಯದೆಯಾಗಿ ನಿಂತಿತು.

ಇದರ ಫಲವು ವಿಚಿತ್ರವಾದದ್ದು. ಮದರಾಸು ಇಲಾಖೆಯಲ್ಲಿ ಅಂತಹ ತಡೆಯಿರಲಿಲ್ಲವಾದ್ದರಿಂದ, ಬಳ್ಳಾರಿ ಜಿಲ್ಲೆಯ ಕನ್ನಡ ಮಗನು ಚಿಕ್ಕಪ್ಪಂದಿರೊಡನೆ ಕೂಡಿದ್ದ ತಂದೆಯನ್ನು ವಿಭಾಗಕ್ಕೆ ಕರೆಯಬಹುದಾಗಿತ್ತು. ತುಂಗಭದ್ರೆಯ ಈಚೆಯ ಧಾರವಾಡ ಜಿಲ್ಲೆಯ ಮಗನೂ ಬೆಳಗಾವಿಯ ಮಗನೂ ಹಾಗೆ ಕರೆಯುವಂತಿರಲಿಲ್ಲ. ಮೂವರಿಗೂ ಆಧಾರಗ್ರಂಥ ಒಂದೇ, ಭಾಷೆ ಒಂದೇ. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರ ನಷ್ಟವನ್ನು ನಾವು ಸಾಮಾನ್ಯವಾಗಿ ಶಾಲೆ, ಕಚೇರಿ, ಭಾಷೆಗಳ ವಿಷಯದಲ್ಲಿ ಎಣಿಸುತ್ತೇವೆ. ಮನೆಯೊಳಗಿನ ತಂದೆಮಕ್ಕಳ ನಡುವೆಯೂ ಆ ಗಡಿ ಹಾದುಹೋಗಿತ್ತೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಅನಂತರದ ಎರಡು ದಶಕಗಳಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಇನ್ನೊಂದು ದಿಕ್ಕಿನಿಂದ ಬಾಗಿಲನ್ನು ತೆರೆಯಿತು. 1912ರ ಸೂರಜ್ ನಾರಾಯಣ ಮತ್ತು 1916ರ ಗಿರಿಜಾಬಾಯಿ ದಾವೆಗಳಲ್ಲಿ ಆದ ನಿರ್ಣಯದಂತೆ, ಪಾಲಿಗೆ ಅಧಿಕಾರಿಯಾದ ದಾಯಾದನು ‘ನಾನು ಬೇರೆಯಾಗುತ್ತೇನೆ’ ಎಂದು ಸ್ಪಷ್ಟವಾಗಿ ತಿಳಿಸಿದರೆ ಸಾಕು. ಆ ಕ್ಷಣದಿಂದ ಅವನು ವಿಭಕ್ತನು. ಹೊಲದ ಬದುವನ್ನು ಹಾಕುವುದೂ ಪಾತ್ರೆಪಡಗಗಳನ್ನು ಹಂಚುವುದೂ ಮುಂದಿನ ಕೆಲಸ. ಇನ್ನೊಂದು ಕಡೆಗೆ, ಬೇರೆ ಮನೆಯಲ್ಲಿ ವಾಸ ಮಾಡಿದ ಮಾತ್ರದಿಂದ, ಬೇರೆ ಒಲೆ ಹೂಡಿದ ಮಾತ್ರದಿಂದ, ಯಾರೂ ವಿಭಕ್ತರಾಗುವುದಿಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಅವು ಸೂಚನೆಗಳೇ ಹೊರತು ಸಿದ್ಧಪ್ರಮಾಣಗಳಲ್ಲ. ಎಂದರೆ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿರುವವನು ಕಾಯದೆಯಲ್ಲಿ ಬೇರೆಯಾಗಿರಬಹುದು. ಇಪ್ಪತ್ತು ವರ್ಷ ಮುಂಬಯಿಯಲ್ಲಿ ಸಂಸಾರ ಮಾಡಿದವನು ಕಾಯದೆಯಲ್ಲಿ ಕೂಡಿಯೇ ಇರಬಹುದು. ಹಳ್ಳಿಯ ಮೂರು ಅರ್ಥಗಳನ್ನು ನ್ಯಾಯಶಾಸ್ತ್ರವು ಹೀಗೆ ಬಹಳ ಸುತ್ತು ಬಳಸಿ ಬಂದು ಒಪ್ಪಿಕೊಂಡಿತೆನ್ನಬಹುದು.

ಪಾಲು ಕೇಳುವ ಹಕ್ಕು ಇದ್ದರೂ ಇಲ್ಲದಿದ್ದರೂ, ಮನೆ ಬಿಡುವವನು ಮೊದಲು ನೋಡುವುದು ಹೊಟ್ಟೆಯ ದಾರಿಯನ್ನು. ಇಲ್ಲಿ ವಿದ್ಯೆಯ ಪ್ರಶ್ನೆ ಬರುತ್ತದೆ. ತಾನೇ ದುಡಿದದ್ದು ತನಗೆ ಎಂಬ ನಿಯಮವು ಸ್ಮೃತಿಯಲ್ಲಿಯೇ ಉಂಟು. ಆದರೆ ತಂದೆಯ ದ್ರವ್ಯಕ್ಕೆ ನಷ್ಟವಾಗದಂತೆ ದುಡಿದಿರಬೇಕೆಂಬ ಕಟ್ಟಳೆಯೂ ಅದರೊಡನೆ ಇದೆ. ಈ ಕಟ್ಟಳೆಯು ವಿದ್ಯೆಯಿಂದ ಬಂದ ಧನಕ್ಕೂ ಅನ್ವಯಿಸುವುದೆಂದು ವಿಜ್ಞಾನೇಶ್ವರನು ಬಿಗಿಮಾಡಿದನು. ಮನೆಯ ಹಣದಿಂದ ಓದಿದವನ ಗಳಿಕೆ ಮನೆಯದು. ಮುಂಬಯಿ ಹೈಕೋರ್ಟು 1882ರಲ್ಲಿ ಇದನ್ನು ಸ್ವಲ್ಪ ಸಡಿಲಿಸಿ, ಮನೆಯಿಂದ ಕೇವಲ ಪ್ರಾಥಮಿಕ ಶಿಕ್ಷಣ ಪಡೆದಿದ್ದ ಒಬ್ಬ ಸಬ್‌ಜಜ್ಜರ ಗಳಿಕೆಯು ಅವರ ಸ್ವಂತದ್ದೆಂದು ಹೇಳಿತು. ಆದರೆ 1921ರಲ್ಲಿ ಪ್ರಿವಿ ಕೌನ್ಸಿಲು, ಕುಟುಂಬದ ವೆಚ್ಚದಿಂದ ಕಲಿತು ಇಂಡಿಯನ್ ಸಿವಿಲ್ ಸರ್ವಿಸನ್ನು ಸೇರಿದವರೊಬ್ಬರ ಸಂಪಾದನೆಯು ಕುಟುಂಬದ ಆಸ್ತಿಯೆಂದು ತೀರ್ಮಾನಿಸಿತು. ಮಾಮಲೇದಾರನಾದ ಮಗನೂ ವಕೀಲನಾದ ಮಗನೂ ಹಳ್ಳಿಯಲ್ಲಿರುವ ಅಣ್ಣತಮ್ಮಂದಿರಿಗೆ ಲೆಕ್ಕ ಒಪ್ಪಿಸಬೇಕಾದ ಸ್ಥಿತಿ ಇದರಿಂದ ಉಂಟಾಯಿತು.

ಆ ವರ್ಷಗಳ ಬೆಳಗಾವಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. 1916ರಲ್ಲಿ ಏಳು ಮಂದಿ ತರುಣರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಬೆಳಗಾವಿಯಲ್ಲಿ ಸ್ಥಾಪಿಸಿದ್ದರು. ಮರುವರ್ಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. 1933ರಲ್ಲಿ ಬೆಳಗಾವಿಯಲ್ಲಿಯೇ ಲಿಂಗರಾಜ ಕಾಲೇಜು ಆರಂಭವಾಗುವ ತನಕ ಪದವಿಗಾಗಿ ಹುಡುಗರು ಧಾರವಾಡಕ್ಕೋ ಕೊಲ್ಲಾಪುರಕ್ಕೋ ಪುಣೆಗೋ ಹೋಗಬೇಕಾಗಿತ್ತು. ನಾಗನೂರಿನ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ನಡೆಸಿದ ಪ್ರಸಾದನಿಲಯದಂಥ ಉಚಿತ ಊಟವಸತಿಗಳು ಬಡ ಹಳ್ಳಿಗರ ಮಕ್ಕಳಿಗೆ ಹೊಸ್ತಿಲು ದಾಟುವ ಧೈರ್ಯವನ್ನು ಕೊಟ್ಟವು. ಇಲ್ಲಿ ಒಂದು ಸೂಕ್ಷ್ಮವುಂಟು. ಪ್ರಸಾದನಿಲಯದಲ್ಲಿ ಉಂಡು ಓದಿದವನು ತಂದೆಯ ದ್ರವ್ಯಕ್ಕೆ ನಷ್ಟ ಮಾಡಿದವನಲ್ಲ. ತಂದೆಯು ಹೊಲವನ್ನು ಒತ್ತೆಯಿಟ್ಟು ಪುಣೆಗೆ ಕಳಿಸಿದ ಶ್ರೀಮಂತರ ಮಗನಾದರೋ ಕಾಯದೆಯ ಮೇರೆಗೆ ಮನೆಯ ಋಣಿ. ಅನ್ನದಾನವು ಬಡ ವಿದ್ಯಾರ್ಥಿಗೆ ತನ್ನ ಗಳಿಕೆಯ ಒಡೆತನವನ್ನೂ ಕೊಟ್ಟಿತೆಂಬುದು ಆ ದಾನಿಗಳ ಎಣಿಕೆಯಲ್ಲಿ ಇರಲಿಕ್ಕಿಲ್ಲ.

ಮುಕುಂದರಾವ ಜಯಕರರು ಕೇಂದ್ರ ಶಾಸನಸಭೆಯಲ್ಲಿ ತಂದ ಹಿಂದೂ ವಿದ್ಯಾಧನ ಕಾಯದೆಯು 1930ರಲ್ಲಿ ಈ ಲೆಕ್ಕವನ್ನೇ ಅಳಿಸಿಹಾಕಿತು. ಕುಟುಂಬದ ಹಣದಿಂದ ಓದಿದನೆಂಬ ಕಾರಣಕ್ಕಾಗಿಯೇ ಯಾರ ಗಳಿಕೆಯೂ ಕುಟುಂಬದ್ದಾಗತಕ್ಕದ್ದಲ್ಲ ಎಂದು ಅದು ವಿಧಿಸಿತು. ಇದನ್ನು ವ್ಯಕ್ತಿಸ್ವಾತಂತ್ರ್ಯದ ಜಯವೆಂದು ಎಲ್ಲರೂ ಬರೆದಿದ್ದಾರೆ, ಅದು ಸುಳ್ಳಲ್ಲ. ಆದರೆ ಇತಿಹಾಸಕಾರನು ನೇಗಿಲು ಹಿಡಿದು ಹಳ್ಳಿಯಲ್ಲಿ ನಿಂತ ಅಣ್ಣನ ಕಡೆಯಿಂದಲೂ ಇದನ್ನು ನೋಡಬೇಕು. ತಮ್ಮನ ಶುಲ್ಕವು ಹೋದದ್ದು ಇಬ್ಬರಿಗೂ ಸೇರಿದ ಹೊಲದ ಬೆಳೆಯಿಂದ. ತಮ್ಮನು ಬೆಳಗಾವಿಯಲ್ಲಿ ಮನೆ ಕಟ್ಟಿಸಿದಾಗ ಅದರಲ್ಲಿ ಅಣ್ಣನಿಗೆ ಪಾಲಿಲ್ಲ. ಅಣ್ಣನು ಉಳುತ್ತಿರುವ ಹೊಲದಲ್ಲಿ ತಮ್ಮನಿಗೆ ಪಾಲುಂಟು. ಇಂದಿಗೂ ಪಟ್ಟಣದ ತಮ್ಮನು ಹೊಲದ ಹಿಸೆ ಕೇಳಿದನೆಂಬ ಮಾತು ಹಳ್ಳಿಯಲ್ಲಿ ಹುಟ್ಟಿಸುವ ಸಿಟ್ಟಿನ ಮೂಲವು ಅಸೂಯೆಯಲ್ಲ. ಆ ಸಿಟ್ಟಿಗೆ ವಿಜ್ಞಾನೇಶ್ವರನ ಬೆಂಬಲವಿದೆ.

ಇನ್ನು ಖಾನಾಪುರದ ಕಡೆಗೆ ಬರೋಣ. ಬೆಳಗಾವಿಯಿಂದ ಹದಿನಾರು ಮೈಲು ದೂರದ ಈ ತಾಲೂಕಿನ ಪಶ್ಚಿಮ ಭಾಗವು ಸಹ್ಯಾದ್ರಿಯ ಕಾಡು. ಮಲಪ್ರಭೆಯು ಅಲ್ಲಿಯ ಕಣಕುಂಬಿಯಲ್ಲಿ ಹುಟ್ಟುತ್ತದೆ. ಮಳೆ ಬಹಳ, ಗದ್ದೆ ಚಿಕ್ಕದು. ಪೂರ್ವಕ್ಕೆ ಬಂದಂತೆ ಬಯಲುಸೀಮೆಯ ಲಕ್ಷಣ ಕಾಣಿಸುತ್ತದೆ. ಖಾನಾಪುರ ಪಟ್ಟಣದ ಸುತ್ತಲಿನ ಜೇಡಿಮಣ್ಣು ಕುಂಬಾರಿಕೆಗೂ ಹಂಚಿನ ಕೆಲಸಕ್ಕೂ ಹೆಸರಾದದ್ದು. ಕನ್ನಡವೂ ಮರಾಠಿಯೂ ಒಂದೇ ಓಣಿಯಲ್ಲಿ ಕೇಳಿಬರುವ ಈ ನಾಡಿನಲ್ಲಿ ವಾಟ್ನಿ, ಹಿಸೆ, ವರ್ದಿ ಮುಂತಾದ ಮಾತುಗಳು ಕನ್ನಡಿಗರಿಗೂ ಮನೆಮಾತೇ ಆಗಿವೆ.

ಚಿಕ್ಕ ಗದ್ದೆಯ ನಾಡಿನಲ್ಲಿ ಪಾಲೆಂದರೆ ಎಲ್ಲರೂ ಬಡವರಾಗುವುದು. ಮಲೆನಾಡಿನ ಗದ್ದೆಗೆ ನಾಟಿಯ ಕಾಲದಲ್ಲಿ ಒಮ್ಮೆಗೇ ಹಲವು ಕೈಗಳು ಬೇಕು. ಎತ್ತಿನ ಜೋಡಿಯನ್ನು ಸೀಳಿ ಹಂಚುವಂತಿಲ್ಲ. 1947ರ ಮುಂಬಯಿ ತುಕಡಿ ನಿರ್ಬಂಧ ಕಾಯದೆಯು, ಗೊತ್ತುಪಡಿಸಿದ ಅಳತೆಗಿಂತ ಕಡಿಮೆಯಾಗುವಂತೆ ಭೂಮಿಯನ್ನು ಪಾಲು ಮಾಡಕೂಡದೆಂದು ವಿಧಿಸಿತು. ಅಣ್ಣತಮ್ಮಂದಿರು ಇದಕ್ಕೆ ಕಂಡುಕೊಂಡ ಉಪಾಯವು ಸರಳವಾದದ್ದು. ಬದು ಹಾಕಿ ತಮ್ಮ ತಮ್ಮ ಭಾಗವನ್ನು ಉಳುವುದು, ಹೆಸರನ್ನು ಹಿರಿಯನದನ್ನೇ ಉಳಿಸುವುದು. 1903ರ ಕಾಯದೆಯಿಂದ ಮುಂಬಯಿ ಇಲಾಖೆಯಲ್ಲಿ ಬಂದ ಹಕ್ಕುದಾಖಲೆಯ ಪುಸ್ತಕಗಳಲ್ಲಿ ಏಕತ್ರ ಕುಟುಂಬದ ವ್ಯವಸ್ಥಾಪಕನೆಂಬ ಅರ್ಥದ ಷರಾ ಇರುವ ಕಡೆಗಳಲ್ಲೆಲ್ಲ ಒಂದೇ ಒಲೆ ಉರಿಯುತ್ತಿತ್ತೆಂದು ನಂಬುವ ಸಂಶೋಧಕನು ಮೋಸಹೋಗುತ್ತಾನೆ. ನಮ್ಮ ವಿದ್ಯಾರ್ಥಿಗಳಿಗೆ ಈ ಎಚ್ಚರಿಕೆಯನ್ನು ಮೊದಲ ದಿನವೇ ಹೇಳುವುದು ಒಳ್ಳೆಯದು.

ಕುಲಕರ್ಣಿ, ಪಾಟೀಲ ಮನೆತನಗಳಲ್ಲಿ ಇನ್ನೊಂದು ಬಂಧನವಿತ್ತು. 1874ರ ವಂಶಪರಂಪರೆ ಹುದ್ದೆಗಳ ಕಾಯದೆಯ ಮೇರೆಗೆ ವತನದ ಭೂಮಿಯನ್ನು ವತನದಾರ ಮನೆತನದ ಹೊರಗೆ ಸರಕಾರದ ಅಪ್ಪಣೆಯಿಲ್ಲದೆ ಕೊಡುವಂತಿರಲಿಲ್ಲ. ಹೀಗಾಗಿ ಬೇರೆಯಾಗಿ ಹೋಗಬೇಕೆಂಬ ಮಗನು ತನ್ನ ಪಾಲನ್ನು ಮಾರಿ ಪಟ್ಟಣದಲ್ಲಿ ಬಂಡವಾಳ ಮಾಡಿಕೊಳ್ಳಲಾರನು. ಮುಂಬಯಿ ಸರಕಾರವು 1950ರ ಕಾಯದೆಯಿಂದ ಕುಲಕರ್ಣಿ ವತನಗಳನ್ನೂ, ಮೈಸೂರು ಸರಕಾರವು 1961ರ ಕಾಯದೆಯಿಂದ ಉಳಿದ ಗ್ರಾಮಹುದ್ದೆಗಳನ್ನೂ ರದ್ದುಗೊಳಿಸಿದ ಮೇಲೆ ಈ ಬಂಧನವು ಬಿಚ್ಚಿತು.

ಹಾಗಾದರೆ ಖಾನಾಪುರದ ತರುಣನು ಏನು ಮಾಡಿದನು? ಪಾಲು ಕೇಳದೆ ಹೊರಟನು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿರುವುದರಿಂದ ಈ ಭಾಗದ ಹಳ್ಳಿಗಳಿಗೆ ಸೈನ್ಯವು ಪರಿಚಿತವಾದ ದಾರಿ. ಶೌರ್ಯದಿಂದ ಬಂದ ಧನವನ್ನು ಸ್ಮೃತಿಕಾರರು ವಿದ್ಯಾಧನದ ಪಕ್ಕದಲ್ಲಿಯೇ ಇರಿಸಿದ್ದರೆಂಬುದನ್ನು ಸಿಪಾಯಿಯು ಅರಿಯನು. ಅವನು ತಿಂಗಳು ತಿಂಗಳು ಮನಿಯಾರ್ಡರು ಕಳಿಸಿದನು. ಅದರಿಂದ ಮನೆಗೆ ಹಂಚು ಹೊದಿಸಿದರು, ತಂಗಿಯ ಮದುವೆ ಮಾಡಿದರು, ಎತ್ತು ತಂದರು. ಗೋವೆಗೆ ದುಡಿಯಲು ಹೋದವನೂ ಹೀಗೆಯೇ ಮಾಡಿದನು. ಹೊರಗಿರುವವನಿಗೆ ದಿನದಿನದ ಜಗಳವಿಲ್ಲ, ಅವನ ಹೆಂಡತಿಗೆ ಅತ್ತಿಗೆಯೊಡನೆ ಒಲೆಯ ತಂಟೆಯಿಲ್ಲ. ರಜೆಗೆ ಬಂದಾಗ ಅವನು ಅತಿಥಿ. ಪಾಲಿನ ಮಾತು ಏಳುವುದು ಊರಿನಲ್ಲಿಯೇ ಇರುವ ಇಬ್ಬರ ನಡುವೆ, ಒಂದೇ ಕಣದ ರಾಶಿಯ ಮುಂದೆ. ಈ ಭಾಗದ ಹಿರಿಯರೊಡನೆ ಮಾತನಾಡಿದಾಗ ನಮ್ಮ ಕಿವಿಗೆ ಬಿದ್ದ ವೃತ್ತಾಂತಗಳಲ್ಲಿ ಹೆಚ್ಚಿನವು ಹೀಗೆಯೇ ಇವೆ: ದೂರ ಹೋದವನು ನಿವೃತ್ತನಾಗಿ ಮರಳಿದ ವರ್ಷವೇ ಮನೆಯಲ್ಲಿ ನಡುಗೋಡೆ ಎದ್ದಿರುತ್ತದೆ. ಹೋದದ್ದರಿಂದ ಒಡೆಯದ ಮನೆ ಬಂದದ್ದರಿಂದ ಒಡೆಯಿತು.

1880ರ ದಶಕದ ಕೊನೆಯ ವರ್ಷಗಳಲ್ಲಿ ಸದರ್ನ್ ಮರಾಠಾ ರೈಲ್ವೆಯು ಲೋಂಡಾದಿಂದ ಗುಂಜಿ, ಖಾನಾಪುರ, ದೇಸೂರುಗಳ ಮೇಲೆ ಬೆಳಗಾವಿಯನ್ನು ಮುಟ್ಟಿತು. ರೈಲು ಬಂದು ಜನರು ಹಳ್ಳಿ ಬಿಟ್ಟರು ಎಂದು ಹೇಳುವುದು ವಾಡಿಕೆ. ಖಾನಾಪುರದಲ್ಲಿ ರೈಲು ಅದಕ್ಕೆ ವಿರುದ್ಧವಾದ ಕೆಲಸವನ್ನೂ ಮಾಡಿದೆ. ಬೆಳಿಗ್ಗೆ ಬೆಳಗಾವಿಗೆ ಹೋಗಿ ಸಂಜೆ ಮರಳಬಹುದಾದ್ದರಿಂದ, ಪಟ್ಟಣದಲ್ಲಿ ಕಲಿಯುವವನೂ ದುಡಿಯುವವನೂ ತಾಯಿಯ ಕೈಯ ಅನ್ನವನ್ನು ಬಿಡಬೇಕಾಗಿಲ್ಲ. ಮುಂದೆ ಸರಕಾರದ ಬಸ್ಸುಗಳು ಇದನ್ನು ಇನ್ನೂ ಸುಲಭ ಮಾಡಿದವು. ಲೋಂಡಾದ ಆಚೆಯ ಕಾಡಿನ ಹಳ್ಳಿಯ ಹುಡುಗನಿಗೆ ಈ ಅನುಕೂಲವಿಲ್ಲ. ಅವನು ಕೋಣೆ ಹಿಡಿಯಲೇಬೇಕು. ತಂದೆಯ ಮನೆಯನ್ನು ಬಿಡುವ ನಿರ್ಣಯವು ಮನಸ್ಸಿನಿಂದ ಹುಟ್ಟುವುದೆಂದು ನಾವು ತಿಳಿಯುತ್ತೇವೆ. ಎಷ್ಟೋ ವೇಳೆ ಅದನ್ನು ರೈಲಿನ ವೇಳಾಪಟ್ಟಿಯೇ ಮಾಡುತ್ತದೆ.

ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರಗಳ ನೇಕಾರರ ಸ್ಥಿತಿಯೇ ಬೇರೆ. ಅಲ್ಲಿ ಮಗ್ಗವು ಮನೆಯೊಳಗೇ ಇರುವುದರಿಂದ ಮಗನು ಹೊರಟರೆ ಒಬ್ಬ ನೇಕಾರನೇ ಹೊರಟಂತೆ. ಸೊಸೆ ಹೊರಟರೆ ನೂಲು ಸುತ್ತುವ ಕೈ ಹೊರಟಂತೆ. ತಂದೆಗೂ ಮಗನಿಗೂ ಬೇರೆಯಾಗುವುದೆಂದರೆ ಮೊದಲು ಮಗ್ಗದ ಪಾಲು, ಆಮೇಲೆ ಒಲೆಯದು.

ಈಗ ಜನಗಣತಿಯ ಮಾತು. 1951ರ ಗಣತಿಯಲ್ಲಿ ಮನೆವಾರ್ತೆಗಳನ್ನು ಮೂರು ಜನರವರೆಗಿನ ಚಿಕ್ಕವು, ನಾಲ್ಕರಿಂದ ಆರರ ಮಧ್ಯಮವು, ಏಳರಿಂದ ಒಂಬತ್ತರ ದೊಡ್ಡವು, ಅದಕ್ಕೂ ಮೇಲಿನವು ಎಂದು ವಿಂಗಡಿಸಿದರು. ಚಿಕ್ಕ ಮನೆವಾರ್ತೆಗಳು ಬಹಳವಾಗಿ ಕಂಡುದರಿಂದ, ಅವಿಭಕ್ತ ಕುಟುಂಬವನ್ನು ಬಿಟ್ಟು ಬೇರೆ ಮನೆ ಮಾಡುವ ರೂಢಿ ದೇಶದಲ್ಲಿ ಬಲವಾಗಿದೆಯೆಂದು ಗಣತಿಯ ಮುಖ್ಯಾಧಿಕಾರಿಗಳು ಅನುಮ��ನಿಸಿದರು. ಒಂದು ಅಡಿಗೆಮನೆಯಿಂದ ಉಣ್ಣುವವರೇ ಒಂದು ಮನೆವಾರ್ತೆ. ಗಣತಿಯು ಎಣಿಸಿದ್ದು ಒಲೆಗಳನ್ನು. ಒಲೆಗಳ ಎಣಿಕೆಯಿಂದ ಪಾಲುಗಳ ಸಂಖ್ಯೆಯನ್ನು ಹೇಳಿದ್ದು ತಪ್ಪಾಯಿತು. ಇರಾವತಿ ಕರ್ವೆಯವರು 1953ರ ತಮ್ಮ ಬಂಧುತ್ವ ವ್ಯವಸ್ಥೆಯ ಗ್ರಂಥದಲ್ಲಿ ಸೂರು, ಒಲೆ, ಆಸ್ತಿ, ಪೂಜೆ ಈ ಎಲ್ಲವುಗಳ ಐಕ್ಯದಿಂದ ಅವಿಭಕ್ತ ಕುಟುಂಬವನ್ನು ಲಕ್ಷಿಸಿದರು. ಗುಜರಾತದ ಮಹುವಾ ಪಟ್ಟಣವನ್ನು ಕುರಿತು 1964ರಲ್ಲಿ ಐ. ಪಿ. ದೇಸಾಯಿಯವರು, 1973ರಲ್ಲಿ ಎ. ಎಂ. ಶಹಾ ಅವರು ಈ ಎಳೆಗಳನ್ನು ಬಿಡಿಸಿ ನೋಡಬೇಕೆಂದು ತೋರಿಸಿಕೊಟ್ಟರು. ಖಾನಾಪುರದ ಸಿಪಾಯಿಯ ಮನೆಯಲ್ಲಿ ಸೂರು ಎರಡು, ಒಲೆ ಎರಡು, ಆಸ್ತಿ ಒಂದು, ದೇವರು ಒಬ್ಬನೇ. ಜಾತ್ರೆಗೆ ಎಲ್ಲರೂ ಹಿರಿಯ ಮನೆಗೇ ಬರುವರು. ಇದನ್ನು ಒಡೆದ ಮನೆಯೆಂದು ಕರೆಯುವುದು ಹೇಗೆ? ಧಾರವಾಡ ಜಿಲ್ಲೆಯ ಲೋಕೂರಿನಲ್ಲಿ ನೂರಕ್ಕೂ ಹೆಚ್ಚು ಮಂದಿ ಕೂಡಿ ಬಾಳಿದ ಮನೆತನವು ವೃತ್ತಪತ್ರಿಕೆಗಳಲ್ಲಿ ಖ್ಯಾತವಾದದ್ದುಂಟು. ಅದು ಅಪವಾದವಾದ್ದರಿಂದಲೇ ಖ್ಯಾತವಾಯಿತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಗನ ಕಥೆ. ಹೋಗಬೇಕೆ, ಇರಬೇಕೆ ಎಂದು ಯೋಚಿಸುವ ಅವಕಾಶವು, ಎಷ್ಟೇ ಸಂಕುಚಿತವಾಗಿರಲಿ, ಅವನಿಗಿತ್ತು. ಮಗಳಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿದವರಲ್ಲ. ಅವಳು ಹೋಗತಕ್ಕವಳೆಂದು ಹುಟ್ಟಿದಾಗಲೇ ಗೊತ್ತಾಗಿರುತ್ತದೆ. ಅವಳ ಪ್ರಶ್ನೆ ಬೇರೊಂದು: ಮರಳಿ ಬರಬಹುದೆ?

ರೂಢಿಯಲ್ಲಿ ಇದಕ್ಕೆ ಉತ್ತರವಿತ್ತು. ಚೊಚ್ಚಲ ಹೆರಿಗೆ, ಪಂಚಮಿ, ತೌರಿನ ಜಾತ್ರೆಗಳಿಗೆ ಅವಳು ಬರುವಳು. ಉಡಿ ತುಂಬಿಸಿಕೊಂಡು ಹೋಗುವಳು. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ವಾಡಿಕೆಯಿರುವ ಕನ್ನಡ ಮನೆಗಳಲ್ಲಿ ಅವಳು ಹೋದ ಮನೆಯೂ ಅಪರಿಚಿತವಲ್ಲ. ಆದರೆ ಬರುವುದು ಬೇರೆ, ನಿಲ್ಲುವುದು ಬೇರೆ. ನಿಲ್ಲುವ ವಿಷಯದಲ್ಲಿ ಕಾಯದೆಯು ಬಹುಕಾಲ ಜಿಪುಣತನವನ್ನೇ ತೋರಿತು. ವತನದಾರ ಮನೆತನಗಳಲ್ಲಿ 1886ರ ಮುಂಬಯಿ ಕಾಯದೆಯು, ಕೊನೆಯ ಪುರುಷ ಒಡೆಯನ ವಿಧವೆಯ ಹೊರತು ಉಳಿದ ಹೆಣ್ಣುಮಕ್ಕಳನ್ನು ಮನೆತನದ ಎಲ್ಲ ಗಂಡಸರ ಹಿಂದೆ ನಿಲ್ಲಿಸಿತು. 1937ರಲ್ಲಿ ದೇಶಮುಖರು ತಂದ ಕಾಯದೆಯು ವಿಧವೆಗೆ ಗಂಡನ ಪಾಲನ್ನೂ ವಿಭಾಗವನ್ನು ಕೇಳುವ ಅಧಿಕಾರವನ್ನೂ ಕೊಟ್ಟಿತು. ಮಗಳಿಗೆ ಏನೂ ಕೊಡಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯದೆಯು ತಂದೆಯ ಆಸ್ತಿಯಲ್ಲಿ ಮಗಳನ್ನು ವಾರಸುದಾರಳನ್ನಾಗಿ ಮಾಡಿತೆಂದು ನಾವು ಪಾಠ ಹೇಳುತ್ತೇವೆ. ಅದೇ ವರ್ಷದ ನವೆಂಬರ 1ರಂದು ಚಂದಗಡ ತಾಲೂಕನ್ನು ಮುಂಬಯಿಗೆ ಬಿಟ್ಟು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಖಾನಾಪುರದ ಎಷ್ಟೋ ಹೆಣ್ಣುಮಕ್ಕಳ ತೌರು ಒಂದು ರಾಜ್ಯದಲ್ಲಿಯೂ ಗಂಡನ ಮನೆ ಇನ್ನೊಂದರಲ್ಲಿಯೂ ಆದುವು. ಆದರೆ ಆ ಕಾಯದೆಯ 23ನೆಯ ಕಲಮನ್ನು ಪಾಠ ಹೇಳುವವರು ಕಡಿಮೆ. ಕುಟುಂಬವು ವಾಸವಾಗಿರುವ ಮನೆಯನ್ನು ಪಾಲು ಮಾಡಿರೆಂದು ಹೆಣ್ಣು ವಾರಸುದಾರಳು ಕೇಳಕೂಡದು. ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಅವಳು ಕಾಯಬೇಕು. ವಾಸಿಸುವ ಹಕ್ಕಾದರೂ ಮಗಳಿಗೆ ಎಂದು? ಅವಳು ಮದುವೆಯಾಗದವಳಾಗಿದ್ದರೆ, ಗಂಡನು ಬಿಟ್ಟವಳಾಗಿದ್ದರೆ, ಗಂಡನಿಂದ ಬೇರೆಯಾದವಳಾಗಿದ್ದರೆ, ಇಲ್ಲವೆ ವಿಧವೆಯಾಗಿದ್ದರೆ. ಬಾಳು ಸರಿಯಿದ್ದವಳಿಗೆ ತಂದೆಯ ಹೊಸ್ತಿಲಲ್ಲಿ ಹಕ್ಕಿಲ್ಲ; ಬಾಳು ಕೆಟ್ಟರೆ ಮಾತ್ರ ಹಕ್ಕು. ಇದಕ್ಕಿಂತ ಕ್ರೂರವಾದ ವಾಕ್ಯರಚನೆಯನ್ನು ನಾವು ಬೇರೆ ಕಾಯದೆಯಲ್ಲಿ ಕಂಡಿಲ್ಲ. ಒಬ್ಬನೇ ಮಗನಿರುವಲ್ಲಿ ಪಾಲಿನ ಮಾತೇ ಏಳುವುದಿಲ್ಲವಲ್ಲ, ಅಲ್ಲಿ ಮಗಳು ಎಂದೆಂದಿಗೂ ಕಾಯಬೇಕೆ ಎಂಬ ಪ್ರಶ್ನೆಯು ಕರ್ನಾಟಕದಿಂದ ಹೋದ ಒಂದು ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಆ ಕಲಮು ಒಬ್ಬನೇ ಮಗನಿದ್ದಲ್ಲಿಯೂ ಅನ್ವಯಿಸುವುದೆಂದು 1996ರಲ್ಲಿ ತೀರ್ಪಾಯಿತು.

ಕರ್ನಾಟಕವು 1994ರಲ್ಲಿ ತನ್ನ ತಿದ್ದುಪಡಿಯಿಂದ ಮಗಳನ್ನೂ ಹುಟ್ಟಿನಿಂದಲೇ ದಾಯಾದಳನ್ನಾಗಿ ಮಾಡಿತು. ಅದಕ್ಕೂ ಮೊದಲು ಮದುವೆಯಾಗಿ ಹೋದವಳಿಗೆ ಆ ಹಕ್ಕಿಲ್ಲವೆಂದು ಅದರಲ್ಲಿಯೇ ಬರೆದಿತ್ತು. ಹೊಸ್ತಿಲು ದಾಟಿದ ದಿನಾಂಕವೇ ಹಕ್ಕಿನ ಗಡಿಯಾಯಿತು. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನು ತೆಗೆದು, 23ನೆಯ ಕಲಮನ್ನು ಪೂರ್ತಿಯಾಗಿ ಕೈಬಿಟ್ಟಿತು. ತಂದೆಯು ಆ ವರ್ಷ ಜೀವಿಸಿದ್ದನೋ ಇಲ್ಲವೋ ಎಂಬ ತಕರಾರನ್ನು ವಿನೀತಾ ಶರ್ಮಾ ದಾವೆಯಲ್ಲಿ 2020ರ ಆಗಸ್ಟ 11ರಂದು ಸರ್ವೋಚ್ಚ ನ್ಯಾಯಾಲಯವು ಮುಗಿಸಿತು: ಹಕ್ಕು ಹುಟ್ಟಿನಿಂದ ಬಂದದ್ದು, ತಂದೆಯ ಆಯುಷ್ಯದಿಂದಲ್ಲ. ವಿಜ್ಞಾನೇಶ್ವರನು ಮಗನಿಗೆ ಹೇಳಿದ ಮಾತು ಒಂಬತ್ತು ನೂರು ವರ್ಷಗಳ ಮೇಲೆ ಮಗಳನ್ನು ಮುಟ್ಟಿತು.

ನಡುವೆ ಒಂದು ಮಾತು. 2007ರ ಹಿರಿಯ ನಾಗರಿಕರ ಪಾಲನೆಯ ಕಾಯದೆಯಲ್ಲಿಯೂ 23ನೆಯ ಕಲಮು ಮನೆಮಾರುಗಳಿಗೆ ಸಂಬಂಧಪಟ್ಟದ್ದೇ. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡ ಮಕ್ಕಳು ಮಾತಿಗೆ ತಪ್ಪಿದರೆ ಆ ಬರಹವನ್ನು ರದ್ದುಮಾಡಬಹುದೆಂದು ಅದು ಹೇಳುತ್ತದೆ. ತಂದೆಯ ಮನೆಯಿಂದ ಮಗನು ಹೋಗಬಹುದೆ ಎಂದು 1892ರಲ್ಲಿ ಕೇಳಿದ ಕಾಯದೆಯು, ಮಗನಿಗೆ ಕೊಟ್ಟ ಮನೆಯನ್ನು ತಂದೆಯು ಮರಳಿ ಪಡೆಯಬಹುದೆ ಎಂದು ಈಗ ಕೇಳುತ್ತಿದೆ.

ಮಗಳ ಹಕ್ಕಿಗೆ ಮರಳೋಣ. 2005ರ ಅನಂತರ ಈ ಸೀಮೆಯ ಉಪನೋಂದಣಿ ಕಚೇರಿಗಳಲ್ಲಿ ಒಂದು ಬಗೆಯ ಕಾಗದವು ಪರಿಚಿತವಾಗಿದೆ. ಮದುವೆಯಾಗಿ ಹೋದ ಅಕ್ಕತಂಗಿಯರು ತಮ್ಮ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ಹಕ್ಕುಬಿಡುಗಡೆ ಪತ್ರವದು. ಪ್ರೀತಿಯಿಂದಲೂ ಸ್ವಸಂತೋಷದಿಂದಲೂ ಬಿಟ್ಟುಕೊಟ್ಟದ್ದಾಗಿ ಅದರಲ್ಲಿ ಬರೆದಿರುತ್ತದೆ. ಇವರು ಒತ್ತಾಯಕ್ಕೆ ಸಿಕ್ಕವರೆಂದು ಒಬ್ಬರೂ, ಸಂಪ್ರದಾಯದ ದಾಸಿಯರೆಂದು ಇನ್ನೊಬ್ಬರೂ ಹೇಳುವುದನ್ನು ಕೇಳಿದ್ದೇವೆ. ಎರಡೂ ಕೆಲಮಟ್ಟಿಗೆ ನಿಜವಿರಬಹುದು. ಆದರೆ ಆ ಹೆಂಗಸು ಮಾಡಿದ ಲೆಕ್ಕವನ್ನು ಅವಳ ಕಡೆಯಿಂದಲೂ ನೋಡಬೇಕಾಗಿದೆ. ಪಾಲು ತೆಗೆದುಕೊಂಡರೆ ಅವಳಿಗೆ ಕೆಲವು ಗುಂಟೆ ಗದ್ದೆ ಸಿಕ್ಕುತ್ತದೆ; ಅಣ್ಣನ ಮನೆಯ ಬಾಗಿಲು ಬಹುಶಃ ಮುಚ್ಚುತ್ತದೆ. ಬಿಟ್ಟುಕೊಟ್ಟರೆ ಗದ್ದೆ ಹೋಗುತ್ತದೆ. ಗಂಡನ ಮನೆಯಲ್ಲಿ ಕಷ್ಟ ಬಂದ ರಾತ್ರಿ ಹತ್ತಿ ಹೊರಡಲು ಒಂದು ಬಸ್ಸು, ಇಳಿದಾಗ ತಟ್ಟಲು ಒಂದು ಬಾಗಿಲು ಉಳಿಯುತ್ತವೆ. 1956ರ ಕಾಯದೆಯು ಗಂಡ ಬಿಟ್ಟವಳಿಗೂ ವಿಧವೆಗೂ ಪುಕ್ಕಟೆಯಾಗಿ ಕೊಟ್ಟಿದ್ದ ಆ ವಾಸದ ಹಕ್ಕನ್ನು ಅವಳು ಈಗ ತನ್ನ ಪಾಲಿನ ಬೆಲೆ ತೆತ್ತು ಕೊಳ್ಳುತ್ತಿದ್ದಾಳೆ, ಅದೂ ಅಣ್ಣನ ಬಾಯಿಮಾತಿನ ಮೇಲೆ. ಗದ್ದೆಯ ಸರ್ವೇ ನಂಬರೂ ಚಕ್ಕುಬಂದಿಯೂ ಆ ಪತ್ರದಲ್ಲಿ ತಪ್ಪದೆ ನಮೂದಾಗಿರುತ್ತವೆ. ಬಾಗಿಲಿನ ವಿಷಯವಾಗಿ ಅದರಲ್ಲಿ ಒಂದು ಅಕ್ಷರವೂ ಇರುವುದಿಲ್ಲ.